ಕಹರುಬಾದೊಳಗಿನ ಸೂಜಿಚಿಟ್ಟೆ

ಕೊಲ್ಲಿಯಿಂದ ಮೈದುನ ರಜೆಗೆ ಬಂದಾಗಲೆಲ್ಲ ಗಜೇಂದ್ರಗಡದ ನಮ್ಮ ಮನೆಯಲ್ಲಿ ಪೆಟ್ಟಿಗೆ ಬಿಚ್ಚುವ ಸಂಜೆಯೇ ಒಂದು ಹಬ್ಬ. ಖರ್ಜೂರ, ಅತ್ತರು, ಮಕ್ಕಳಿಗೆ ಚಾಕಲೇಟು ಎಲ್ಲ ಹೊರಬಂದ ಮೇಲೆ ಕೊನೆಗೆ ಎರಡು ಚಿಕ್ಕ ಡಬ್ಬಿಗಳು ಬಂದವು. ಒಂದರಲ್ಲಿ ನಮ್ಮ ಅತ್ತೆಗೆ ತಸ್ಬೀಹ್. ಜೇನುತುಪ್ಪದ ಬಣ್ಣದ 33 ಮಣಿಗಳು, ಬೆಳಕಿಗೆ ಹಿಡಿದರೆ ಒಳಗೆಲ್ಲ ಹೊಳಪು. "ಅಮ್ಮೀ, ಇದು ಅಸಲಿ ಕಹರುಬಾ" ಎಂದ. ಇನ್ನೊಂದರಲ್ಲಿ ಒಂಬತ್ತನೇ ತರಗತಿಯ ನನ್ನ ಮಗಳಿಗೆ ಅದೇ ಬಣ್ಣದ ಒಂದು ಪದಕ. ಅದರೊಳಗೆ ತೆಳ್ಳನೆಯ ಒಂದು ಕೀಟ. ನಾಲ್ಕೂ ರೆಕ್ಕೆ ಬಿಚ್ಚಿಕೊಂಡು, ಈಗಷ್ಟೇ ಹಾರಿಹೋಗುತ್ತದೇನೋ ಎಂಬಂತೆ ಇತ್ತು.

"ಅಮ್ಮೀ, ಇದು ಒಳಗ ಹೆಂಗ ಹೋತು?" ಎಂದು ಮಗಳು ಕೇಳಿದಳು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾವು ತಾಯಿ ಮಗಳು ಓದಿದ್ದು, ಕೇಳಿ ತಿಳಿದದ್ದು, ನರಗುಂದದ ಹೊಲದಲ್ಲಿ ಕಣ್ಣಾರೆ ಕಂಡದ್ದು ಇವನ್ನೆಲ್ಲ ಇಲ್ಲಿ ಹೇಳುತ್ತಿದ್ದೇನೆ.

ಹುಲ್ಲು ಕದಿಯುವ ಕಲ್ಲು

ಕಹರುಬಾ ಎಂಬುದು ಪಾರಸಿ ಪದ. 'ಕಾಹ್' ಎಂದರೆ ಒಣಹುಲ್ಲು, 'ರುಬಾ' ಎಂದರೆ ಕದ್ದೊಯ್ಯುವುದು. ಇದನ್ನು ಉಣ್ಣೆಯ ಬಟ್ಟೆಗೆ ಚೆನ್ನಾಗಿ ಉಜ್ಜಿ ಒಣಹುಲ್ಲಿನ ಚೂರುಗಳ ಹತ್ತಿರ ತಂದರೆ ಅವು ಎದ್ದು ಬಂದು ಅಂಟಿಕೊಳ್ಳುತ್ತವೆ. ಅದಕ್ಕೇ ಈ ಹೆಸರು. ಇಂದಿನ ಅರಬಿ ಭಾಷೆಯಲ್ಲಿ ವಿದ್ಯುತ್ತಿಗೆ 'ಕಹ್ರಬಾ' ಎನ್ನುತ್ತಾರೆ. ಗಂಡನೋ ಮಗನೋ ಕೊಲ್ಲಿಯಲ್ಲಿರುವ ಸಹೋದರಿಯರು ಕರೆಂಟು ಬಿಲ್ಲಿನ ಮಾತು ಬಂದಾಗ ಈ ಪದ ಕೇಳಿರಬಹುದು. ಅದು ಈ ಹಳದಿ ಮಣಿಯಿಂದಲೇ ಬಂದ ಪದ. ಇಂಗ್ಲಿಷಿನ 'ಎಲೆಕ್ಟ್ರಿಸಿಟಿ' ಕೂಡ ಹಾಗೆಯೇ. ಗ್ರೀಕರು ಕಹರುಬಾವನ್ನು 'ಎಲೆಕ್ಟ್ರಾನ್' ಎಂದು ಕರೆಯುತ್ತಿದ್ದರು.

ಇಂಗ್ಲಿಷಿನಲ್ಲಿ ಇದಕ್ಕೆ ಅಂಬರ್ ಎನ್ನುತ್ತಾರೆ. ಆದರೆ ಅತ್ತರಿನ ಅಂಗಡಿಯಲ್ಲಿ ಸಿಗುವ 'ಅಂಬರ್' ಬೇರೆ. ಅದು ತಿಮಿಂಗಿಲದ ಹೊಟ್ಟೆಯಿಂದ ಬರುವ ಸುಗಂಧ ವಸ್ತು. ಎರಡೂ ಸಮುದ್ರದ ದಂಡೆಯಲ್ಲಿ ಸಿಗುತ್ತಿದ್ದುದರಿಂದ ಯುರೋಪಿನವರು ಎರಡಕ್ಕೂ ಒಂದೇ ಹೆಸರಿಟ್ಟುಬಿಟ್ಟರು. ನಮ್ಮ ಹಕೀಮರಿಗೆ ಈ ಗೊಂದಲ ಇರಲಿಲ್ಲ. ಇಬ್ನ್ ಸೀನಾ ತಮ್ಮ ವೈದ್ಯ ಗ್ರಂಥಗಳಲ್ಲಿ ಕಹರುಬಾವನ್ನು ಬೇರೆಯಾಗಿಯೇ ಹೆಸರಿಸಿದ್ದಾರೆ. ಯುನಾನಿ ಔಷಧಗಳಲ್ಲಿ 'ಕುರ್ಸ್ ಕಹರುಬಾ' ಎಂಬ ಹೆಸರು ಇಂದಿಗೂ ಇದೆ.

ನಿಜ ಹೇಳಬೇಕೆಂದರೆ ಕಹರುಬಾ ಕಲ್ಲೇ ಅಲ್ಲ. ಅದು ಮರದ ರಾಳ.

ಅಂಟಿನ ಉಂಡೆ ಮತ್ತು ಲೋಬಾನ

ನಮ್ಮ ಕಡೆ ಬಾಣಂತಿಗೆ ಅಂಟಿನ ಉಂಡೆ ಮಾಡಿಕೊಡುವುದು ಎಲ್ಲರಿಗೂ ಗೊತ್ತು. ಜಾಲಿಯ ಅಂಟನ್ನು ತುಪ್ಪದಲ್ಲಿ ಕರಿದರೆ ಅರಳುತ್ತದೆ, ನೀರಿನಲ್ಲಿ ನೆನೆಸಿದರೆ ಕರಗಿ ಲೋಳೆಯಾಗುತ್ತದೆ. ಲೋಬಾನದ ಒಂದು ಹರಳನ್ನು ನೀರಿಗೆ ಹಾಕಿ ನೋಡಿ. ಅದು ಕರಗುವುದಿಲ್ಲ. ಕೆಂಡದ ಮೇಲಿಟ್ಟರೆ ಮಾತ್ರ ಕರಗಿ ಘಮಘಮ ಹೊಗೆ ಕೊಡುತ್ತದೆ. ಅಂಟಿಗೂ ರಾಳಕ್ಕೂ ಇರುವ ವ್ಯತ್ಯಾಸ ಇದು. ಅಂಟು ಒಂದೆರಡು ಮಳೆಗೆ ತೊಳೆದುಹೋಗುತ್ತದೆ. ರಾಳ ಉಳಿಯುತ್ತದೆ.

ಮರಕ್ಕೆ ಗಾಯವಾದಾಗ ಅದನ್ನು ಮುಚ್ಚಲು, ಹುಳ ಹುಪ್ಪಡಿಗಳನ್ನು ದೂರವಿಡಲು ಮರ ರಾಳ ಸುರಿಸುತ್ತದೆ. ಅದರ ಮೇಲೆ ಕುಳಿತ ಇರುವೆ, ಸೊಳ್ಳೆ, ಜೇಡ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಮೇಲೆ ಇನ್ನೊಂದು ಪದರ ಹರಿದು ಅವನ್ನು ಮುಚ್ಚುತ್ತದೆ. ಗಾಳಿ ತಾಗದ ಕಾರಣ ಅವು ಕೊಳೆಯುವುದು ತೀರ ಕಡಿಮೆ. ಮುಂದೆ ಆ ರಾಳ ಮಣ್ಣಿನಡಿ ಹೂತು, ಲಕ್ಷಾಂತರ ವರ್ಷಗಳ ಶಾಖ ಮತ್ತು ಒತ್ತಡದಲ್ಲಿ ಗಟ್ಟಿಯಾಗಿ ಕಹರುಬಾ ಆಗುತ್ತದೆ. ಒಳಗಿನ ಕೀಟದ ಕಾಲಿನ ಕೂದಲು, ರೆಕ್ಕೆಯ ನರ, ಕಣ್ಣಿನ ಒಂದೊಂದು ಮಸೂರವೂ ಹಾಗೆಯೇ ಉಳಿದಿರುತ್ತವೆ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಒಳಗೆ ಸಿಕ್ಕ ಸೊಳ್ಳೆಗಳನ್ನು ನೋಡಿಯೇ ಇದು ಮೊದಲು ದ್ರವವಾಗಿತ್ತು ಎಂದು ತೀರ್ಮಾನಿಸಿದ್ದ.

ನಮ್ಮ ಗಜೇಂದ್ರಗಡದ ಗುಡ್ಡದಲ್ಲಿ ಅಗೆದರೆ ಸಿಕ್ಕೀತೇ ಎಂದು ಮಗಳು ಕೇಳಿದಳು. ಇಲ್ಲ. ರೋಣ, ನರಗುಂದ, ಗಜೇಂದ್ರಗಡ ಭಾಗದ ಗುಡ್ಡಗಳ ಕಲ್ಲು ಬಹಳ ಹಳೆಯದು. ಕೀಟಗಳ ಅತಿ ಪುರಾತನ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ. ನಮ್ಮ ಗುಡ್ಡಗಳ ಕಲ್ಲು ಅದಕ್ಕಿಂತ ಎಷ್ಟೋ ಮುಂಚೆ ರೂಪುಗೊಂಡದ್ದು. ಆ ಕಲ್ಲು ಹುಟ್ಟುವಾಗ ಭೂಮಿಯ ಮೇಲೆ ಮರವೂ ಇರಲಿಲ್ಲ, ಕೀಟವೂ ಇರಲಿಲ್ಲ.

ನಮ್ಮ ದೇಶದಲ್ಲಿ ಕೀಟಗಳಿರುವ ಕಹರುಬಾ ಹೇರಳವಾಗಿ ಸಿಕ್ಕಿದ್ದು ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಎಂಬಲ್ಲಿಯ ಲಿಗ್ನೈಟ್ ಗಣಿಯಲ್ಲಿ. 5 ಕೋಟಿ ವರ್ಷಕ್ಕೂ ಹಳೆಯದಾದ ಆ ರಾಳದಲ್ಲಿ 700ಕ್ಕೂ ಹೆಚ್ಚು ಕೀಟ ಮತ್ತು ಜೇಡಗಳ ಮಾದರಿಗಳು ಸಿಕ್ಕವೆಂದು 2010ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅದನ್ನು ಸುರಿಸಿದ ಮರಗಳು ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ವಂಶಕ್ಕೆ ಸೇರಿದವು.

ಸೂಜಿಚಿಟ್ಟೆ ಯಾವುದು?

ಮಳೆಗಾಲದ ಸಂಜೆ ಹೊಲದ ಮೇಲೆ ಗುಂಪುಗುಂಪಾಗಿ ಹಾರುವ ಏರೋಪ್ಲೇನ್ ಚಿಟ್ಟೆಯನ್ನು ನೋಡದವರಿಲ್ಲ. ಚಿಕ್ಕಂದಿನಲ್ಲಿ ರೋಣದ ತವರುಮನೆಯ ಹಿತ್ತಲಲ್ಲಿ ಅದರ ಬಾಲಕ್ಕೆ ದಾರ ಕಟ್ಟಿ ಆಡಿದ ಪಾಪ ನನ್ನದೂ ಇದೆ. ಅದರ ಜೊತೆಯಲ್ಲೇ, ನೀರಿನ ಅಂಚಿನ ಹುಲ್ಲಿನಲ್ಲಿ, ಅದಕ್ಕಿಂತ ತೆಳ್ಳಗೆ ಸಣ್ಣಗೆ, ದಬ್ಬಣದಂಥ ಮೈಯ ಇನ್ನೊಂದು ಕೀಟ ಇರುತ್ತದೆ. ಕೆಲವು ನೀಲಿ, ಕೆಲವು ಹಳದಿ, ಕೆಲವು ಹಸಿರು. ಇಂಗ್ಲಿಷಿನಲ್ಲಿ ಡ್ಯಾಮ್ಸೆಲ್‌ಫ್ಲೈ ಎನ್ನುವ ಇದನ್ನು ಈ ಲೇಖನದಲ್ಲಿ ಸೂಜಿಚಿಟ್ಟೆ ಎಂದು ಕರೆಯೋಣ.

ಎರಡನ್ನೂ ಗುರುತಿಸುವುದು ಸುಲಭ. ಏರೋಪ್ಲೇನ್ ಚಿಟ್ಟೆ ಕುಳಿತಾಗ ರೆಕ್ಕೆಗಳನ್ನು ವಿಮಾನದಂತೆ ಅಗಲಿಸಿಯೇ ಇಡುತ್ತದೆ. ಹೆಚ್ಚಿನ ಸೂಜಿಚಿಟ್ಟೆಗಳು ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿಕೊಳ್ಳುತ್ತವೆ. ಏರೋಪ್ಲೇನ್ ಚಿಟ್ಟೆಯ ದೊಡ್ಡ ಕಣ್ಣುಗಳು ಸಾಮಾನ್ಯವಾಗಿ ತಲೆಯ ಮೇಲೆ ಒಂದನ್ನೊಂದು ಮುಟ್ಟುತ್ತವೆ. ಸೂಜಿಚಿಟ್ಟೆಯ ಕಣ್ಣುಗಳು ತಲೆಯ ಎರಡು ತುದಿಯಲ್ಲಿ ದೂರದೂರ ಇರುತ್ತವೆ. ಎರಡರ ಮರಿಗಳೂ ಬೆಳೆಯುವುದು ನೀರಿನೊಳಗೆ. ಸೂಜಿಚಿಟ್ಟೆಯ ಮರಿಗೆ ಬಾಲದ ತುದಿಯಲ್ಲಿ ಎಲೆಯಂಥ ಮೂರು ಕಿವಿರುಗಳಿರುತ್ತವೆ.

ಕಹರುಬಾದಲ್ಲಿ ಇರುವೆ, ನೊಣ ಸಾವಿರಗಟ್ಟಲೆ ಸಿಗುತ್ತವೆ. ಸೂಜಿಚಿಟ್ಟೆ ಸಿಗುವುದು ಬಹಳ ಅಪರೂಪ. ಅದರ ಬದುಕು ನೀರಿನ ಹತ್ತಿರ, ಮರದ ಕಾಂಡದಲ್ಲಿ ಅದಕ್ಕೆ ಕೆಲಸವಿಲ್ಲ. ಮೈ ಉದ್ದ, ರೆಕ್ಕೆ ಬಲವಾದದ್ದು, ಅಂಟಿದರೂ ಕಿತ್ತುಕೊಂಡು ಹೋಗಬಲ್ಲದು. ಹಾಗಾಗಿ ಎಷ್ಟೋ ಸಲ ಸಿಗುವುದು ಒಂದು ರೆಕ್ಕೆ ಅಥವಾ ರೆಕ್ಕೆಯ ಚೂರು.

ವಿಜ್ಞಾನಿಗಳಿಗೆ ಆ ಚೂರೂ ದೊಡ್ಡ ಸಂಪತ್ತು. ನಮ್ಮ ಕಡೆಯ ಕಸೂತಿ ಗೊತ್ತಿರುವ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಗೋಪುರವೋ ತೇರೋ, ಎಳೆ ಎಣಿಸಿ ಹಾಕಿದ ಹೊಲಿಗೆಯ ಒಂದು ತುಂಡು ಕಂಡರೂ ಇಡೀ ವಿನ್ಯಾಸ ಯಾವುದೆಂದು ಹೇಳಬಲ್ಲರು. ಸೂಜಿಚಿಟ್ಟೆಯ ರೆಕ್ಕೆಯ ನರಗಳ ಬಲೆಯೂ ಹಾಗೆ. ಯಾವ ನರ ಎಲ್ಲಿ ಕವಲೊಡೆಯುತ್ತದೆ, ರೆಕ್ಕೆಯ ತುದಿಯ ಹತ್ತಿರದ ಬಣ್ಣದ ಚುಕ್ಕೆ ಎಷ್ಟು ಉದ್ದ, ಅದರ ಕೆಳಗೆ ಎಷ್ಟು ಮನೆಗಳಿವೆ ಎಂಬುದು ಒಂದೊಂದು ಕುಟುಂಬಕ್ಕೂ ಬೇರೆ ಬೇರೆ.

ಬರ್ಮಾದ ಕಣಿವೆಯಲ್ಲಿ

ಸೂಜಿಚಿಟ್ಟೆಗಳ ಬಗ್ಗೆ ಮುಖ್ಯ ಸಾಕ್ಷ್ಯ ಕೊಟ್ಟದ್ದು ನಮ್ಮ ನೆರೆಯ ಮ್ಯಾನ್ಮಾರ್, ಅಂದರೆ ಹಳೆಯ ಬರ್ಮಾ. ಅದರ ಉತ್ತರ ತುದಿಯ ಕಚಿನ್ ರಾಜ್ಯದ ಹುಕಾಂಗ್ ಕಣಿವೆಯಲ್ಲಿ ಕಹರುಬಾದ ಹಳೆಯ ಗಣಿಗಳಿವೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದರ ವಯಸ್ಸು ಸುಮಾರು 9 ಕೋಟಿ 90 ಲಕ್ಷ ವರ್ಷ. ಅದು ಡೈನೋಸಾರ್‌ಗಳ ಕಾಲ. ನಮ್ಮ ಭಾರತದ ಭೂಭಾಗ ಆಗ ಏಷ್ಯಾಕ್ಕೆ ಸೇರಿರಲಿಲ್ಲ. ದೂರದ ದಕ್ಷಿಣದಲ್ಲಿ ಮಡಗಾಸ್ಕರ್‌ಗೆ ಅಂಟಿಕೊಂಡಿತ್ತು. ಇಂದು ಬರ್ಮಾ ಎನ್ನುವ ನೆಲವೂ ಆಗ ಭೂಮಧ್ಯರೇಖೆಯ ಹತ್ತಿರ ಇತ್ತೆಂದು 2019ರ ಒಂದು ಸಂಶೋಧನೆ ಹೇಳುತ್ತದೆ.

ಈ ರಾಳದಲ್ಲಿ ಸಿಕ್ಕ ಒಂದು ಸೂಜಿಚಿಟ್ಟೆಯನ್ನು 2010ರಲ್ಲಿ ವಿವರಿಸಿ 'ಪೇಲಿಯೋಡಿಸ್ಪರೋನ್ಯೂರಾ ಬರ್ಮಾನಿಕಾ' ಎಂದು ಹೆಸರಿಟ್ಟರು. ಹೆಸರು ಉದ್ದವಾದರೂ ಅರ್ಥ ಸರಳ: 'ಪುರಾತನ ಡಿಸ್ಪರೋನ್ಯೂರಾ'. ಡಿಸ್ಪರೋನ್ಯೂರಾ ಎಂಬ ಸೂಜಿಚಿಟ್ಟೆ ಇಂದಿಗೂ ಜೀವಂತವಾಗಿದೆ, ಅದೂ ನಮ್ಮ ದಕ್ಷಿಣ ಭಾರತದ ಹೊಳೆಗಳಲ್ಲಿ! ಗಂಡಿನ ರೆಕ್ಕೆಯ ಮೇಲೆ ಕಪ್ಪು ಪಟ್ಟಿ ಇರುವುದರಿಂದ ಅದನ್ನು ಗುರುತಿಸುವುದು ಸುಲಭ.

2015ರಲ್ಲಿ ಇದೇ ರಾಳದಿಂದ 'ಮೆಸೊಸ್ಟಿಕ್ಟಾ' ಎಂಬ ಇನ್ನೊಂದು ಸೂಜಿಚಿಟ್ಟೆ ಬೆಳಕಿಗೆ ಬಂತು. ಅದು ಪ್ಲಾಟಿಸ್ಟಿಕ್ಟಿಡೇ ಎಂಬ ಕುಟುಂಬದ್ದು. ಈ ಕುಟುಂಬದವು ಬಯಲಿಗೆ ಬರುವುದಿಲ್ಲ. ಕಾಡಿನ ನೆರಳಿನಲ್ಲಿ, ತಣ್ಣನೆಯ ತೊರೆಯ ಪಕ್ಕ, ಹೊಂಚು ಹಾಕಿದಂತೆ ಕುಳಿತಿರುತ್ತವೆ. ಕೊಡಗಿನ ಮತ್ತು ಮಲೆನಾಡಿನ ತೊರೆಗಳಲ್ಲಿ ಇವುಗಳ ಬಂಧುಗಳು ಇಂದಿಗೂ ಇವೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ ವೈದ್ಯರಾಗಿದ್ದ ಎಫ್. ಸಿ. ಫ್ರೇಜರ್ ಕೊಡಗು ಸೇರಿ ದಕ್ಷಿಣ ಭಾರತದ ಕಾಡುಗಳಲ್ಲಿ ಅಲೆದು ಇವನ್ನು ಸಂಗ್ರಹಿಸಿದರು. 1933, 1934 ಮತ್ತು 1936ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದರು. ಕೆಲಸ ಅಲ್ಲಿಗೆ ಮುಗಿದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಇದ್ದ ತಂಡ 2020ರಲ್ಲಿ ಪಶ್ಚಿಮ ಘಟ್ಟದಿಂದ ಇದೇ ಕುಟುಂಬದ 3 ಹೊಸ ಜಾತಿಗಳನ್ನು ವರದಿ ಮಾಡಿತು. ನೂರು ವರ್ಷ ಹುಡುಕಿದ ಮೇಲೂ ನಮ್ಮ ಕಾಡಿನಲ್ಲಿ ಹೆಸರಿಲ್ಲದ ಜೀವಿಗಳಿವೆ ಎಂದಾಯಿತು.

2017ರಲ್ಲಿ ವಿವರಿಸಿದ ಮತ್ತೊಂದು ಬರ್ಮಾದ ಸೂಜಿಚಿಟ್ಟೆ ಇನ್ನೂ ಸೋಜಿಗದ್ದು. ಅದರ ಗಂಡಿನ ಕಾಲಿನ ಮುಂಗಾಲ ಭಾಗ ಬಟಾಣಿ ಕಾಯಿಯಂತೆ ಅಗಲವಾಗಿ ಚಪ್ಪಟೆಯಾಗಿದೆ, ಮೇಲೆ ಕಣ್ಣಿನಂಥ ಗುರುತೂ ಇದೆ. ನಡೆಯಲಿಕ್ಕೋ ಬೇಟೆಗೋ ಅಂಥ ಕಾಲು ಬೇಕಿಲ್ಲ. ಹೆಣ್ಣಿನ ಮುಂದೆ ಕಾಲು ಬೀಸಿ ತೋರಿಸಲು ಅದು ಹಾಗಿತ್ತೆಂದು ಸಂಶೋಧಕರ ಊಹೆ. ಏಕೆಂದರೆ ಅದೇ ಕುಟುಂಬದ ಕೆಲವು ಇಂದಿನ ಸೂಜಿಚಿಟ್ಟೆಗಳೂ ಹೀಗೆ ಅಗಲವಾದ ಬಿಳಿ ಕಾಲುಗಳನ್ನು ಹೆಣ್ಣಿನ ಮುಂದೆ ಬೀಸುತ್ತವೆ. ನಮ್ಮ ಕೆರೆ ಕಾಲುವೆಗಳ ಬದಿಯ ಪೊದೆಗಳಲ್ಲಿರುವ ಹಳದಿ ಕಾಲಿನ ಸೂಜಿಚಿಟ್ಟೆ ಆ ಕುಟುಂಬದ್ದೇ.

ನಿಕಾಹ್‌ನಾಮೆಯ ಲೆಕ್ಕ

ಇಂಥ ಒಂದು ಚೂರಿನಿಂದ ವಂಶದ ಮೂಲ ಹೇಗೆ ತಿಳಿಯುತ್ತದೆ? ನಮ್ಮ ಅತ್ತೆಗೆ ಹುಟ್ಟಿದ ದಿನ ಗೊತ್ತಿಲ್ಲ. ಆದರೆ ಅವರ ನಿಕಾಹ್‌ನಾಮೆಯಲ್ಲಿ ಒಂದು ವರ್ಷ ನಮೂದಾಗಿದೆ. ಅದಕ್ಕಿಂತ ಮುಂಚೆ ಅವರು ಹುಟ್ಟಿದ್ದರು ಎಂಬುದಂತೂ ಖಂಡಿತ. ಪಳೆಯುಳಿಕೆಯೂ ಹಾಗೆಯೇ. ಅದು ಹುಟ್ಟಿದ ದಿನ ಹೇಳುವುದಿಲ್ಲ, 'ಇಷ್ಟು ಹೊತ್ತಿಗಾಗಲೇ ಇದ್ದೆ' ಎಂದು ಹೇಳುತ್ತದೆ. 9 ಕೋಟಿ 90 ಲಕ್ಷ ವರ್ಷಗಳ ಹಿಂದೆಯೇ ಈ ಎರಡು ಕುಟುಂಬಗಳು ಬೇರೆಬೇರೆಯಾಗಿ ಇದ್ದವು ಎಂದಾದರೆ, ಅವೆರಡರ ಸಾಮಾನ್ಯ ಪೂರ್ವಜರು ಅದಕ್ಕಿಂತಲೂ ಹಿಂದಿನವರಾಗಿರಬೇಕು. ಜೀವಂತ ಕೀಟಗಳ ರೆಕ್ಕೆ, ಕಾಲು, ಡಿಎನ್ಎಗಳನ್ನು ಹೋಲಿಸಿ ವಂಶವೃಕ್ಷ ಬರೆಯುತ್ತಾರೆ. ಯಾವ ಕೊಂಬೆ ಯಾವಾಗ ಕವಲೊಡೆಯಿತು ಎಂಬ ಕಾಲವನ್ನು ಇಂಥ ಪಳೆಯುಳಿಕೆಗಳಿಂದ ಗುರುತಿಸುತ್ತಾರೆ.

ಇನ್ನೂ ಹಿಂದೆ ಹೋದರೆ ಸುಮಾರು 30 ಕೋಟಿ ವರ್ಷಗಳ ಹಿಂದೆ ಇವುಗಳ ದೂರದ ದಾಯಾದಿಗಳು ಇದ್ದವು. ಫ್ರಾನ್ಸಿನ ಕಾಮಾಂತ್ರಿ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿ ಸಿಕ್ಕ ಮೆಗಾನ್ಯೂರಾದ ರೆಕ್ಕೆಗಳ ಅಗಲ ಎರಡು ಅಡಿಗೂ ಹೆಚ್ಚು. ಹದ್ದಿನಂಥ ಆ ಕೀಟಗಳು ಅಳಿದುಹೋದವು. ಸಣ್ಣ ಮೈಯ ಸೂಜಿಚಿಟ್ಟೆಗಳು ಉಳಿದವು. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಡೈನೋಸಾರ್‌ಗಳು ನಾಶವಾದಾಗಲೂ ಇವು ಉಳಿದವು.

ಕೆರಿಬಿಯನ್ ದ್ವೀಪಗಳ ಡೊಮಿನಿಕನ್ ಗಣರಾಜ್ಯದ ಕಹರುಬಾದ ವಯಸ್ಸು ಸುಮಾರು ಒಂದೂವರೆಯಿಂದ ಎರಡು ಕೋಟಿ ವರ್ಷ. ಅದರಲ್ಲಿ ಸಿಕ್ಕ ಡೈಸೆರಟೊಬೇಸಿಸ್ ಎಂಬ ಸೂಜಿಚಿಟ್ಟೆಯನ್ನು 1996ರಲ್ಲಿ ವಿವರಿಸಲಾಯಿತು. ನೀರಿನ ಕೀಟ ಮರದ ರಾಳಕ್ಕೆ ಹೇಗೆ ಸಿಕ್ಕಿತು ಎಂಬುದಕ್ಕೆ ಅದರ ಬದುಕೇ ಉತ್ತರ. ಅದೇ ಜಾತಿಗುಂಪಿನ ಇಂದಿನ ಸೂಜಿಚಿಟ್ಟೆಗಳು ಮರದ ಮೇಲೆ ಬೆಳೆಯುವ, ಅನಾನಸಿನಂಥ ಗಿಡಗಳ ಎಲೆಯ ಬುಡದಲ್ಲಿ ನಿಂತ ಬೊಗಸೆ ನೀರಿನಲ್ಲಿ ಮರಿಮಾಡುತ್ತವೆ. ನೀರು ಮರದ ಮೇಲಿದ್ದರೆ ಸೂಜಿಚಿಟ್ಟೆಯೂ ಮರದ ಮೇಲೆ. ನೀರನ್ನು ಬಿಟ್ಟು ಅದು ಎಲ್ಲಿಗೂ ಹೋಗಿಲ್ಲ.

ಮಕ್ಕಳು ಕೇಳುವ ಇನ್ನೊಂದು ಪ್ರಶ್ನೆ ಇದೆ. 1993ರ 'ಜುರಾಸಿಕ್ ಪಾರ್ಕ್' ಸಿನಿಮಾದಲ್ಲಿ ತೋರಿಸಿದಂತೆ ಕಹರುಬಾದ ಸೊಳ್ಳೆಯಿಂದ ರಕ್ತ ತೆಗೆದು ಡೈನೋಸಾರ್ ಹುಟ್ಟಿಸಬಹುದೇ? ಸಾಧ್ಯವಿಲ್ಲ. ಕೀಟದ ಆಕಾರ ಉಳಿದರೂ ಡಿಎನ್ಎ ಅಷ್ಟು ಕಾಲ ಉಳಿಯುವುದಿಲ್ಲ.

ಉಪ್ಪುನೀರಿನ ಪರೀಕ್ಷೆ

ಇಷ್ಟು ತಿಳಿದ ಮೇಲೆ ಮಗಳಿಗೆ ಪದಕದ ಮೇಲೆ ಅನುಮಾನ ಬಂತು. ಇಷ್ಟು ಅಪರೂಪದ ಕೀಟ, ಇಷ್ಟು ಅಚ್ಚುಕಟ್ಟಾಗಿ ರೆಕ್ಕೆ ಬಿಚ್ಚಿಕೊಂಡು ಸಾಯುತ್ತದೆಯೇ? ನಿಜವಾದ ಕಹರುಬಾದಲ್ಲಿ ಕೀಟಗಳು ಕೈಕಾಲು ಮುದುಡಿಕೊಂಡು, ಒದ್ದಾಡಿದ ಗುರುತು, ಗಾಳಿಗುಳ್ಳೆ, ಕಸ ಕಡ್ಡಿಗಳ ನಡುವೆ ಇರುತ್ತವೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದು ಲೋಟ ನೀರಿಗೆ ಉಪ್ಪು ಹಾಕುತ್ತಾ ಕಲಕಿ, ಇನ್ನು ಕರಗುವುದಿಲ್ಲ ಎನ್ನುವವರೆಗೆ. ಕಹರುಬಾ ಬಹಳ ಹಗುರ, ಈ ನೀರಿನಲ್ಲಿ ತೇಲುತ್ತದೆ. ಗಾಜು ಮತ್ತು ಹಲವು ಬಗೆಯ ಪ್ಲಾಸ್ಟಿಕ್ ಮುಳುಗುತ್ತವೆ. ಮುಳುಗಿದರೆ ನಕಲಿ ಎನ್ನಬಹುದು. ತೇಲಿದ ಮಾತ್ರಕ್ಕೆ ಅಸಲಿ ಎನ್ನುವಂತಿಲ್ಲ, ತೇಲುವ ಪ್ಲಾಸ್ಟಿಕ್ಕೂ ಇದೆ, ಹೊಸ ರಾಳವೂ ತೇಲುತ್ತದೆ. ಪರೀಕ್ಷೆಯಾದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ.

ಪದಕದ ಕೊಂಡಿ ಬಿಚ್ಚಿ ನೀರಿಗೆ ಬಿಟ್ಟೆವು. ಸೀದಾ ತಳ ಸೇರಿತು. ಆ ಕೀಟ ಇತ್ತೀಚೆಗೆ ಸತ್ತದ್ದು, ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದದ್ದು.

ತಸ್ಬೀಹ್‌ನ ಮಾತು ತೆಗೆಯಲು ನನಗೆ ಧೈರ್ಯವಿರಲಿಲ್ಲ. ಅತ್ತೆಯೇ ದಾರ ಸಡಿಲಿಸಿ ಒಂದು ಮಣಿ ತೆಗೆದುಕೊಟ್ಟರು. ಅದೂ ಮುಳುಗಿತು. ಅಡುಗೆಮನೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅತ್ತೆ ಮಣಿಯನ್ನು ಸೆರಗಿನಿಂದ ಒರೆಸಿ ಮತ್ತೆ ದಾರಕ್ಕೆ ಪೋಣಿಸಿಕೊಂಡರು. "ಮಣಿ ನಕಲಿ ಆದರ ಎಣಿಕಿ ನಕಲಿ ಆಗ್ತದೇನು? ಅವನ ಮುಂದ ಯಾರೂ ಬಾಯಿ ಬಿಡಬ್ಯಾಡ್ರಿ" ಎಂದರು. ದುಡಿದ ಹಣದಲ್ಲಿ ಪ್ರೀತಿಯಿಂದ ತಂದವನ ಮನಸ್ಸು ನೋಯಬಾರದಲ್ಲ.

ಅಸಲಿಯೇ ಆಗಿದ್ದರೂ ಯೋಚಿಸಬೇಕಾದದ್ದು ಇತ್ತು. 2017ರಲ್ಲಿ ಮ್ಯಾನ್ಮಾರ್ ಸೈನ್ಯ ಕಚಿನ್‌ನ ಗಣಿ ಪ್ರದೇಶವನ್ನು ವಶಪಡಿಸಿಕೊಂಡಾಗ ಸಾವಿರಾರು ಜನ ಮನೆಮಠ ಬಿಟ್ಟು ಓಡಬೇಕಾಯಿತು. ಗಣಿಯ ಹಣ ಯುದ್ಧಕ್ಕೆ ಹೋಗುತ್ತದೆಂಬ ಕಾರಣಕ್ಕೆ ಪಳೆಯುಳಿಕೆ ವಿಜ್ಞಾನಿಗಳ ಒಂದು ದೊಡ್ಡ ಅಂತರರಾಷ್ಟ್ರೀಯ ಸಂಘ, ಆ ನಂತರ ಹೊರಬಂದ ಬರ್ಮಾ ಕಹರುಬಾದ ಬಗ್ಗೆ ಸಂಶೋಧನಾ ಲೇಖನಗಳನ್ನು ಪ್ರಕಟಿಸಬೇಡಿ ಎಂದು 2020ರಲ್ಲಿ ಪತ್ರಿಕೆಗಳನ್ನು ಕೇಳಿಕೊಂಡಿತು. ಕೊರಳಿಗೆ ಹಾಕುವ ವಸ್ತು ಯಾರ ಕಣ್ಣೀರಿನಿಂದ ಬಂತು ಎಂದು ಕೇಳುವುದು ಕೊಳ್ಳುವವರ ಹಕ್ಕು ಮಾತ್ರವಲ್ಲ, ಹೊಣೆಯೂ ಹೌದು.

ನರಗುಂದದ ಹೊಂಡ

ನನ್ನ ನಾದಿನಿಯನ್ನು ನರಗುಂದದ ಕಡೆ ಕೊಟ್ಟಿದೆ. ಮಲಪ್ರಭಾ ಕಾಲುವೆಯಿಂದ ಸ್ವಲ್ಪ ದೂರದಲ್ಲಿ ಅವರ ಎರೆಹೊಲ, ಮೂಲೆಯಲ್ಲೊಂದು ಕೃಷಿಹೊಂಡ. ಪದಕದ ನಿರಾಸೆ ಮರೆಸಲು ಮಗಳನ್ನು ಅಲ್ಲಿಗೆ ಕರೆದೊಯ್ದೆ. 'ಬೇಕಾದಷ್ಟು ಸೂಜಿಚಿಟ್ಟೆ ನೋಡುವಿಯಂತೆ' ಎಂದು ಆಸೆ ಹುಟ್ಟಿಸಿದ್ದೆ. ಹೊಂಡದಲ್ಲಿ ನೀರು ತುಂಬಿತ್ತು, ಸೂಜಿಚಿಟ್ಟೆ ಒಂದೂ ಇರಲಿಲ್ಲ. ಸೊಳ್ಳೆಯ ಹುಳುಗಳು ಮಾತ್ರ ಕುಣಿಯುತ್ತಿದ್ದವು. ಕಡಲೆಯ ಕಾಯಿಕೊರಕಕ್ಕೆ ಔಷಧ ಹೊಡೆದ ಮೇಲೆ ಪಂಪನ್ನು ಅದೇ ಹೊಂಡದಲ್ಲಿ ಅದ್ದಿ ತೊಳೆಯುತ್ತಿದ್ದರು. ಖಾಲಿ ಡಬ್ಬಿಗಳು ದಂಡೆಯಲ್ಲೇ ಬಿದ್ದಿದ್ದವು. ಸಾಲದ್ದಕ್ಕೆ ಸೊಳ್ಳೆ ಹೆಚ್ಚಾದವೆಂದು ಸುಟ್ಟ ಎಣ್ಣೆ ಸುರಿಯುವ ಆಲೋಚನೆಯೂ ನಡೆದಿತ್ತು.

ಕೀಟನಾಶಕ ಬೇಡದ ಹುಳುವನ್ನಷ್ಟೇ ಹುಡುಕಿ ಕೊಲ್ಲುವುದಿಲ್ಲ. ಸೂಜಿಚಿಟ್ಟೆಯ ಮರಿ ನೀರಿನೊಳಗಿನ ಬೇಟೆಗಾರ. ಮುಖದ ಕೆಳಗೆ ಮಡಚಿಟ್ಟ ಉದ್ದನೆಯ ತುಟಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೆ ಚಾಚಿ ಸೊಳ್ಳೆಹುಳುವನ್ನು ಹಿಡಿಯುತ್ತದೆ. ಬೆಳೆಯಲು ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಸೊಳ್ಳೆಗೆ ಒಂದು ವಾರ, ಹತ್ತು ದಿನ ಸಾಕು. ವಿಷ ಬಿದ್ದಾಗ ಇಬ್ಬರೂ ಸಾಯುತ್ತಾರೆ, ಮೊದಲು ಮರಳಿ ಬರುವುದು ಸೊಳ್ಳೆ.

ಇದರ ಬಲ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಬರ್ಮಾದಿಂದಲೇ ಇದೆ. ಯಾಂಗೋನ್ ನಗರದ ಮನೆಗಳಲ್ಲಿ ಜನರ ಸಹಕಾರದಿಂದ ನೀರಿನ ಪಾತ್ರೆಗಳೊಳಗೆ ಕೆಂಪು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ಬಿಟ್ಟು ನೋಡಿದರು. ಡೆಂಗ್ಯೂ ಹರಡುವ ಸೊಳ್ಳೆಯ ಹುಳುಗಳು ಬೇಗನೆ ಕಡಿಮೆಯಾದವು, ನಂತರ ಸೊಳ್ಳೆಗಳೂ ಕಡಿಮೆಯಾದವು. 1990ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆ ಕೆಂಪು ಚಿಟ್ಟೆ ನಮ್ಮ ಕೆರೆಗಳಲ್ಲೂ ಇದೆ. ನಮ್ಮ ಹರಿವಿ, ಬ್ಯಾರೆಲ್ಲುಗಳಲ್ಲಿ ಮರಿ ತಂದು ಬಿಡಿ ಎಂದು ನಾನು ಹೇಳುತ್ತಿಲ್ಲ. ನೀರು ಹಿಡಿದಿಡುವ ಪಾತ್ರೆಗೆ ಮುಚ್ಚಳ ಇರಲಿ, ವಾರಕ್ಕೊಮ್ಮೆ ತಿಕ್ಕಿ ಒಣಗಿಸಿ. ಆದರೆ ಹೊಲದ ಹೊಂಡದಲ್ಲಿ ತಾನಾಗಿ ಬರುವ ಕಾವಲುಗಾರನನ್ನು ಕೊಲ್ಲುವುದು ಬೇಡ.

ನಾದಿನಿ ಇದನ್ನೆಲ್ಲ ಕೇಳಿ ಹೆಚ್ಚು ಮಾತಾಡಲಿಲ್ಲ. ಹೊಂಡದಿಂದ ದೂರ, ಬದುವಿನ ಆಚೆ ಒಂದು ಹಳೆಯ ಬಕೆಟ್ ಇಟ್ಟು ಪಂಪನ್ನು ಅಲ್ಲೇ ತೊಳೆಯಬೇಕೆಂದು ಗಂಡನಿಗೂ ಆಳಿಗೂ ಕಟ್ಟಪ್ಪಣೆ ಮಾಡಿದಳು. ಡಬ್ಬಿಗಳನ್ನು ದಂಡೆಯಿಂದ ತೆಗೆಸಿದಳು. ಎಣ್ಣೆಯ ಮಾತು ಅಲ್ಲಿಗೇ ನಿಂತಿತು. ದಂಡೆಯ ಹುಲ್ಲನ್ನು ಪೂರ್ತಿ ಕೊಯ್ಯದೆ ಒಂದು ಬದಿಗೆ ಬಿಡಿಸಿದಳು. ಸೂಜಿಚಿಟ್ಟೆ ಮೊಟ್ಟೆಯಿಡುವುದು ನೀರಿನ ಗಿಡದ ದಂಟಿನೊಳಗೆ, ಮರಿ ಕೊನೆಯ ಸಲ ಪೊರೆ ಕಳಚಲು ಹತ್ತುವುದೂ ಅದೇ ದಂಟನ್ನು.

ಮುಂದಿನ ವರ್ಷ ಹೆಸರು ಬಿತ್ತಿ ಮಳೆ ಚೆನ್ನಾಗಿ ಹಿಡಿದ ಮೇಲೆ ನಾದಿನಿಯ ಫೋನು ಬಂತು. ನನ್ನನ್ನಲ್ಲ, ಮಗಳನ್ನು ಕೇಳಿದಳು. "ಬೇಬಿ, ನಿನ್ನ ಸೂಜಿ ಬಂದಾವ. ಎರಡು ನೀಲಿ, ಒಂದು ಹಳದಿ."

ಅದು ದೊಡ್ಡ ಸಂಖ್ಯೆಯಲ್ಲ. ಆದರೂ ಆ ಮೂರು ಕೀಟಗಳ ಹಿಂದೆ ಡೈನೋಸಾರ್‌ಗಳ ಕಾಲವನ್ನು ದಾಟಿ ಬಂದ ವಂಶವಿದೆ. ಭೂಖಂಡಗಳು ಸರಿದಾಗಲೂ ಅದು ಉಳಿಯಿತು. ಅದು ಕೇಳುವುದು ಒಂದಿಷ್ಟು ಶುದ್ಧ ನೀರು ಮತ್ತು ಅಂಚಿಗೆ ನಾಲ್ಕು ದಂಟು ಹುಲ್ಲು. ನಮ್ಮ ಗದಗ ಜಿಲ್ಲೆಯಲ್ಲಿ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಇದೇ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ತಾಣವಾಗಿ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ದೂರದಿಂದ ಹಾರಿಬರುವ ಹಕ್ಕಿಗಳಿಗಾಗಿ ಅದಕ್ಕೆ ಹೆಸರು. ಹೆಸರಿಲ್ಲದ ನಮ್ಮ ಹೊಂಡ, ಹಳ್ಳ, ಬಾವಿಗಳನ್ನು ಕಾಯಬೇಕಾದವರು ನಾವೇ.

ಮಳೆಗಾಲದಲ್ಲಿ ಸೂಡಿಯ ನಾಗಕುಂಡಕ್ಕೋ, ಊರ ಕೆರೆಗೋ ಮಕ್ಕಳನ್ನು ಕರೆದೊಯ್ದಾಗ ನೀರಿನ ಅಂಚಿನ ಹುಲ್ಲಿನಲ್ಲಿ ಐದು ನಿಮಿಷ ಸುಮ್ಮನೆ ನೋಡಿ. ಬಾಲಕ್ಕೆ ದಾರ ಕಟ್ಟದೆ ನೋಡಲು ಕಲಿಸಿ. ನನ್ನ ಮಗಳು ಪ್ಲಾಸ್ಟಿಕ್ ಪದಕವನ್ನು ಎಸೆದಿಲ್ಲ. ಚಾಚಾ ತಂದದ್ದು ಎಂದು ಈದ್‌ಗೆ ಹಾಕಿಕೊಳ್ಳುತ್ತಾಳೆ. ಯಾರಾದರೂ ಕೇಳಿದರೆ ಮಾತ್ರ, "ಇದು ಪ್ಲಾಸ್ಟಿಕ್. ಅಸಲಿ ನೋಡಬೇಕಂದ್ರ ನರಗುಂದಕ್ಕ ಬರ್ರಿ" ಎನ್ನುತ್ತಾಳೆ.